ಬಂಬಕ್ಕೆ ಹಾಕಿಸಿದ ನಲ್ಲಿ

ಚನ್ನಗಿರಿಯ ನಮ್ಮ ಮನೆಯಲ್ಲಿ ಸುಮಾರು ಒಂದು ವರ್ಷ ಕಾಲ ನೀರು ಬೇಕಾದವರು ಅವ್ವನನ್ನು ಕೇಳಬೇಕಿತ್ತು. ನೀರಿಗೆ ತತ್ವಾರವಿತ್ತೆಂದಲ್ಲ. ನಮ್ಮ ಬೀದಿಯಲ್ಲಿ ಮನೆಯೊಳಗೆ ನಲ್ಲಿ ಹಾಕಿಸಿಕೊಂಡವರಲ್ಲಿ ನಾವೇ ಮೊದಲಿಗರು. ಅಡುಗೆಮನೆಯಲ್ಲಿ ಒಂದು, ಬಚ್ಚಲಲ್ಲಿ ಒಂದು, ಹಿತ್ತಿಲ ಕಲ್ಲುತೊಟ್ಟಿಯ ಮೇಲೆ ಒಂದು. ಆದರೆ ಮೂರರಲ್ಲಿ ಯಾವುದಕ್ಕೂ ತಿರುಗಿಸುವ ಹಿಡಿ ಇರಲಿಲ್ಲ. ನನ್ನ ತಮ್ಮ ಬಸು ಅಂಬೆಗಾಲಿಡಲು ಶುರು ಮಾಡಿದ ವಾರವೇ ಅವ್ವ ಮೇಸ್ತ್ರಿಯನ್ನು ಕರೆಸಿ ಹಿಡಿಗಳನ್ನೆಲ್ಲ ಕಳಚಿಸಿಬಿಟ್ಟಿದ್ದಳು. ಮೂರಕ್ಕೂ ಹೊಂದುವ ಒಂದೇ ಹಿತ್ತಾಳೆ ಹಿಡಿಯನ್ನು ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಉಗ್ರಾಣದ ಬೀಗದ ಕೈ ಅಜ್ಜಿಯ ಸೊಂಟದಲ್ಲಿ, ನೀರಿನದು ಸೊಸೆಯ ಸೊಂಟದಲ್ಲಿ. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಈ ಎರಡು ಸೊಂಟಗಳ ನಡುವೆ ತಾವು ಸಿಕ್ಕಿಕೊಳ್ಳದಂತೆ ಬೆಳಿಗ್ಗೆ ಬೇಗನೆ ಹೊರಟುಬಿಡುತ್ತಿದ್ದರು. ಅಜ್ಜಿ ಮಾತ್ರ ಊಟ ಮುಗಿಸಿ, ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡು, ನಲ್ಲಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

"ಪಾರ್ವತೀ, ಕೈ ತೊಳಿಯಾಕೆ ಒಂದು ಚೊಂಬು ನೀರು ಮಂಜೂರು ಮಾಡ್ತೀಯೇನವ್ವ? ಇಲ್ಲಾ ಅರ್ಜಿ ಬರ್ಕೊಡ್ಲೇನು?"

"ಬಂದೆ ಅತ್ತೇ. ಅರ್ಜಿ ಬ್ಯಾಡ, ಬರೀ ಹೆಬ್ಬೆಟ್ಟು ಒತ್ತಿದ್ರೆ ಸಾಕು."

ಅವ್ವನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಒಂದೂ ನಲ್ಲಿ ಇರಲಿಲ್ಲ. ಬಾವಿಯಿಂದ ಹೊತ್ತು ತಂದ ಕೊಡಗಳನ್ನು ಎದೆಮಟ್ಟದ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನೆಲದ ಮೇಲೆ ನೀರು ಇಡುವ ಪದ್ಧತಿಯೇ ಇರಲಿಲ್ಲ, ಆಡುಕುರಿಗಳು ಮೂತಿ ಇಡುತ್ತವೆಂದು. ಆ ಮನೆಯಿಂದ ಬಂದವಳಿಗೆ ನಲ್ಲಿಯೆಂಬುದು ಅನುಕೂಲಕ್ಕಿಂತ ಹೆಚ್ಚಾಗಿ ಒಂದು ಅನುಮಾನವಾಗಿತ್ತು. ಕೊಡದ ನೀರು ಎತ್ತಿ ಬಗ್ಗಿಸಿದವರಿಗೆ ಮಾತ್ರ ಬರುತ್ತದೆ, ನಲ್ಲಿ ನೀರು ಕೈ ಇಟ್ಟವರಿಗೆಲ್ಲ ಬರುತ್ತದೆ, ಆ ಕೈ ಎಷ್ಟು ದೊಡ್ಡದು ಎಂದು ನೋಡುವುದಿಲ್ಲ ಎನ್ನುತ್ತಿದ್ದಳು. ಅಜ್ಜಿ ಇದನ್ನು ಹಳ್ಳಿಯವರ ಭಯ ಎಂದು ತಳ್ಳಿಹಾಕುತ್ತಿದ್ದಳು. ಅವಳಿಗೆ ಆ ಮೂರು ನಲ್ಲಿಗಳು ಮನೆತನದ ಮರ್ಯಾದೆ. ಹಿಡಿ ಕಿತ್ತ ನಲ್ಲಿ ಎಂದರೆ ಮೂಗು ಕೊಯ್ದ ಹಾಗೆ.

ಒಂದು ದಿನ ಅವ್ವ ನನಗೊಂದು ಕೆಲಸ ಹೇಳಿದಳು. ಆಗ ನನಗೆ ಎಂಟೋ ಒಂಬತ್ತೋ ವಯಸ್ಸು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಬಸುವಿನ ಹಿಂದೆಯೇ ಮೊಣಕಾಲ ಮೇಲೆ ಹೋಗಬೇಕು, ಅವನು ಮುಟ್ಟಿದ್ದನ್ನು, ಬಾಯಿಗಿಟ್ಟಿದ್ದನ್ನು ನೋಡಿ ಬಂದು ಹೇಳಬೇಕು. ಅವನನ್ನು ತಡೆಯುವುದಕ್ಕೆ ಅವಳೇ ಎರಡು ಹೆಜ್ಜೆ ದೂರದಲ್ಲಿರುತ್ತಿದ್ದಳು. ನನ್ನದು ನೋಡುವ ಕೆಲಸ ಮಾತ್ರ.

"ಅವನು ಮಾಡಿದ್ದು ಹೇಳು ಸುಮಿ. ಮಾಡಬೋದಿತ್ತು ಅನ್ನೋದು ಬ್ಯಾಡ. ನಿಂದು ಒಂದು ಮಾತೂ ಸೇರಿಸಬ್ಯಾಡ."

ಮುಂದೆ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸುದ್ದಿಮನೆಯಲ್ಲಿ ಕೆಲಸ ಮಾಡಿದೆ. ಇದಕ್ಕಿಂತ ಚೊಕ್ಕವಾದ ಸೂಚನೆಯನ್ನು ಯಾವ ಸಂಪಾದಕರೂ ಕೊಡಲಿಲ್ಲ. ಮೊಣಕಾಲ ಎತ್ತರದಿಂದ ನಮ್ಮ ಮನೆ ಬೇರೆಯೇ ಮನೆಯಾಗಿತ್ತು. ನಿಂತವರಿಗೆ ಕಾಣದ ಬಚ್ಚಲ ತೂಬು ಅಲ್ಲಿಂದ ಬಾಗಿಲಿನಷ್ಟು ದೊಡ್ಡದು. ಬಸು ಅದರೊಳಗೆ ಮೊಳಕೈವರೆಗೂ ಕೈ ತೂರಿಸಿದ. ತೊಟ್ಟಿಯ ನಲ್ಲಿಯ ತುದಿಗೆ ಬಾಯಿಟ್ಟು ಹನಿ ಚೀಪಿದ. ತುಂಬಿದ ಬಕೆಟ್ಟಿನ ಅಂಚು ಹಿಡಿದು ಎದ್ದು ನಿಂತು, ನೀರಿನಲ್ಲಿ ಕಂಡ ತನ್ನ ಮುಖವನ್ನು ಹಿಡಿಯಲು ತಲೆ ಬಗ್ಗಿಸಿದ. ಅವ್ವ ಅಲ್ಲಿಗೆ ಎತ್ತಿಕೊಂಡಳು. ನಾನು ವರದಿ ಒಪ್ಪಿಸಿದೆ. ಮರುದಿನದಿಂದ ತೂಬಿಗೆ ತೂತು ಕೊರೆದ ತಗಡು ಬಂತು. ಕಲ್ಲುತೊಟ್ಟಿಗೆ ಹಲಗೆ, ಹಲಗೆಯ ಮೇಲೆ ರುಬ್ಬುವ ಗುಂಡು. ಬಳಸಿದ ಬಕೆಟ್ಟನ್ನು ಆ ಕ್ಷಣವೇ ಬೋರಲು ಹಾಕಬೇಕೆಂಬ ಕಟ್ಟಳೆ. ಅದು ಅಜ್ಜಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ತುಂಬಿದ ಮನೆಯಲ್ಲಿ ಪಾತ್ರೆ ಬೋರಲು ಹಾಕುವುದು ಸೂತಕದ ಲಕ್ಷಣ ಎಂದು ಮೂರು ದಿನ ಸೊಸೆಯೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ನನ್ನ ಮೂಲಕ ಹೇಳಿಸಿದಳು, ಅವ್ವ ಎದುರಿಗೇ ಕುಳಿತಿದ್ದರೂ.

ಇಷ್ಟೆಲ್ಲ ಆದ ಮೇಲೂ ಉಳಿದದ್ದು ಬಂಬ. ಈಗಿನವರಿಗೆ ಅದರ ಪರಿಚಯ ಕಡಿಮೆ. ಮೂರು ಅಡಿ ಎತ್ತರದ ತಾಮ್ರದ ಕೊಳಗ. ನಟ್ಟನಡುವೆ ಒಲೆಯ ಕೊಳವೆ, ಅದರಲ್ಲಿ ಅಡಿಕೆ ಸಿಪ್ಪೆಯನ್ನೋ ತೆಂಗಿನ ಚಿಪ್ಪನ್ನೋ ಹಾಕಿ ಉರಿಸಿದರೆ ಸುತ್ತಲಿನ ನೀರು ಕಾಯುತ್ತದೆ. ಹೆಗಲ ಮೇಲೆ ಒಂದು ಬದಿಗೆ ಲಾಳಿಕೆ, ಇನ್ನೊಂದು ಬದಿಗೆ ಮೂತಿ. ಮೂತಿಗೆ ನಲ್ಲಿ ಇರುವುದಿಲ್ಲ. ಲಾಳಿಕೆಯಲ್ಲಿ ಒಂದು ಚೊಂಬು ತಣ್ಣೀರು ಸುರಿದರೆ ಅದು ಲಾಳಿಕೆಯದೇ ಕೊಳವೆಯಲ್ಲಿ ತಳಕ್ಕಿಳಿಯುತ್ತದೆ, ಮೇಲಿದ್ದ ಒಂದು ಚೊಂಬು ಬಿಸಿನೀರು ಮೂತಿಯಿಂದ ಆಚೆ ಬೀಳುತ್ತದೆ. ನನಗೆ ಇದೊಂದು ಜಾದೂ. ಒಂದು ಮಧ್ಯಾಹ್ನ ಯಾರೂ ಕೇಳದಿದ್ದರೂ ನಾನು ಬೋರಲು ಬಕೆಟ್ಟಿನ ಮೇಲೆ ಹತ್ತಿ ಲಾಳಿಕೆಗೆ ಒಂದು ಚೊಂಬು ಸುರಿದೆ. ಬಂಬದ ಆಚೆ ಬದಿ, ಮೂತಿಯ ಕೆಳಗೆ, ಬಸು ತೂಬಿನ ತಗಡನ್ನು ಕೆರೆಯುತ್ತ ಕೂತಿದ್ದನೆಂದು ನಾನು ನೋಡಿರಲಿಲ್ಲ. ನೀರು ಅವನಿಂದ ಒಂದು ಗೇಣು ದೂರಕ್ಕೆ ಬಿತ್ತು. ಎರಡು ಹನಿ ಕಾಲಿಗೆ ಸಿಡಿದವು, ಚೀರಿದ. ಗುಳ್ಳೆ ಏಳಲಿಲ್ಲ, ಒಂದು ದಿನ ಕೆಂಪಾಗಿತ್ತು ಅಷ್ಟೆ. ಅವ್ವ ನನ್ನನ್ನು ಹೊಡೆಯಲಿಲ್ಲ. ಬಂಬದ ಮುಂದೆ ಬಹಳ ಹೊತ್ತು ನಿಂತಿದ್ದು, ಆಮೇಲೆ ದಾದಾಪೀರ್ ಮೇಸ್ತ್ರಿಗೆ ಹೇಳಿಕಳಿಸಿದಳು.

ದಾದಾಪೀರ್ ಹೊನ್ನಾಳಿಯವರು, ವಾರಕ್ಕೆರಡು ದಿನ ಪೈಪಿನ ಕೆಲಸಕ್ಕೆ ಚನ್ನಗಿರಿಗೆ ಬರುತ್ತಿದ್ದರು. ಹಿಡಿಗಳನ್ನು ಕಳಚಿದ್ದೂ ಅವರೇ. ಬಂಬದ ಮೂತಿಗೆ ನಲ್ಲಿ ಬೇಕು, ಕೈಗೆಟುಕದ ಹಾಗೆ ಮೇಲ್ಮುಖವಾಗಿ ತಿರುಪಿರಬೇಕು ಎಂದು ಅವ್ವ ಹೇಳಿದಾಗ ಅವರು ಮೂತಿಯನ್ನು ಬೆರಳಿನಿಂದ ತಟ್ಟಿದರು, ಗಡ್ಡ ಕೆರೆದುಕೊಂಡರು.

"ಮಾಡಾಕೆ ಏನು ತಕ್ರಾರಿಲ್ಲ ಅಕ್ಕಾರೆ. ಆದ್ರೆ ಇದನ್ನ ಬಡಿದು ಮಾಡಿದೋನು ನಲ್ಲಿ ಇಟ್ಟಿಲ್ಲ ನೋಡ್ರಿ. ಅವನು ಏನು ಪಾಗಲ್ಲೇನು?"

"ಅವನ ಮನ್ಯಾಗೆ ಅಂಬೆಗಾಲಿಡೋ ಕೂಸು ಇರ್ಲಿಕ್ಕಿಲ್ಲ. ಹಾಕ್ರಿ ನೀವು."

ಹೊಸ್ತಿಲ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದ ಅಜ್ಜಿ ಮೂರು ದಿನದ ಮೌನ ಮುರಿದದ್ದು ಆಗಲೇ.

"ಬಂಬದ ಬಾಯಿ ಕಟ್ಟಬ್ಯಾಡ ಪಾರ್ವತಿ. ಮನಿಗೆ ಒಳ್ಳೇದಾಗಲ್ಲ."

"ಯಾಕೆ ಅತ್ತೇ?"

"ಯಾಕೆ ಅಂದ್ರೆ? ಆಗಲ್ಲ ಅಂದ್ರೆ ಆಗಲ್ಲ. ನಮ್ಮತ್ತಿ ಹೇಳ್ತಿದ್ರು."

ಅಜ್ಜಿ ಕಾರಣ ಹೇಳಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಬೋರಲು ಬಕೆಟ್ಟಿಗೂ ಒಳ್ಳೆಯದಾಗಲ್ಲ ಎಂದವಳೇ ಬಂಬಕ್ಕೂ ಒಳ್ಳೆಯದಾಗಲ್ಲ ಎಂದರೆ ಅವ್ವ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಲ್ಲಿ ಬಂತು, ಚೆನ್ನಾಗಿಯೇ ಕೆಲಸ ಮಾಡಿತು. ನಾವೆಲ್ಲ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಕಾದಿರುತ್ತಿದ್ದುದರಿಂದ ನೀರು ಕುದಿಯುವಷ್ಟು ಕಾಯುವ ಮೊದಲೇ ಖರ್ಚಾಗುತ್ತಿತ್ತು. ಅದೇ ನಮ್ಮನ್ನು ಕಾಪಾಡುತ್ತಿತ್ತೆಂದು ಯಾರಿಗೂ ಹೊಳೆದಿರಲಿಲ್ಲ. ಆ ತಿಂಗಳಲ್ಲಿ ಅವ್ವನ ತಂಗಿ, ರತ್ನ ಚಿಗವ್ವ, ಸವಳಂಗದಿಂದ ಬಂದಳು. ಅವಳ ಮಗನಿಗೂ ಬಸುವಿನದೇ ವಯಸ್ಸು. ನಲ್ಲಿಯನ್ನು ನೋಡಿ, ತಿರುಗಿಸಿ, ಅಕ್ಕನ ಬುದ್ಧಿಗೆ ಬೆರಗಾಗಿ ಹೋದಳು. ಅವ್ವ ದಾದಾಪೀರ್ ಅವರನ್ನು ಬಸ್ಸು ಹತ್ತಿಸಿ ಸವಳಂಗಕ್ಕೆ ಕಳಿಸಿದಳು. ಅವರು ಅಲ್ಲಿ ಚಿಗವ್ವನ ಮನೆಯ ಕೆಲಸ ಮುಗಿಸುವಷ್ಟರಲ್ಲಿ ಅದೇ ಬೀದಿಯ ಇನ್ನೂ ಇಬ್ಬರು ತಮಗೂ "ಚನ್ನಗಿರಿ ಅಕ್ಕನ ನಲ್ಲಿ" ಬೇಕೆಂದು ಹಾಕಿಸಿಕೊಂಡರಂತೆ. ಆ ಸುದ್ದಿ ಬಂದ ದಿನ ಅವ್ವ ಹೋಳಿಗೆ ಮಾಡಿದಳು. ಹಬ್ಬವೇನೂ ಇರಲಿಲ್ಲ.

ಮುಂದಿನದು ಒಂದು ಭಾನುವಾರ ಬೆಳಿಗ್ಗೆ ನಡೆದದ್ದು. ಬಚ್ಚಲೊಳಗೆ ಆದದ್ದನ್ನು ನಾನು ನೋಡಿಲ್ಲ, ಸದ್ದು ಕೇಳಿದ್ದೇನೆ. ಉಳಿದದ್ದನ್ನು ಅಜ್ಜಿ ಆಮೇಲೆ ಹೇಳಿದ್ದು. ಭಾನುವಾರ ಬಸುವಿಗೆ ಎಣ್ಣೆಸ್ನಾನ. ಅದು ಅಜ್ಜಿಯ ಪಾಲಿನ ಕೆಲಸ. ಬಚ್ಚಲ ನೆಲದಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಎಣ್ಣೆ ಹಿಡಿಯಲೆಂದು ಆವತ್ತು ಹೆಚ್ಚು ಹೊತ್ತು ಕೂತಳು. ಅಷ್ಟು ಹೊತ್ತೂ ಬಂಬದಲ್ಲಿ ಸಿಪ್ಪೆ ಉರಿಯುತ್ತಿತ್ತು, ನಲ್ಲಿ ಮುಚ್ಚಿತ್ತು, ನೀರು ಕುದಿಯಿತು. ಆವಿಗೆ ಹೋಗಲು ಇದ್ದ ಒಂದೇ ದಾರಿ ಮೂತಿ, ಅದಕ್ಕೆ ಬೀಗ. ಮೇಲೆ ಸೇರಿಕೊಂಡ ಆವಿ ನೀರನ್ನು ಕೆಳಕ್ಕೆ ಒತ್ತಿತು, ತಳದ ನೀರು ಲಾಳಿಕೆಯ ಕೊಳವೆಯಲ್ಲಿ ಮೇಲಕ್ಕೆ ಏರಿತು. ಮೊದಲು ಗುಡುಗುಡು ಸದ್ದು. ಅಜ್ಜಿ ತಲೆ ಎತ್ತಿ ನೋಡಿದಾಗ ಲಾಳಿಕೆಯ ಬಾಯಲ್ಲಿ ನೀರು ಕುಣಿಯುತ್ತಿತ್ತು. ಎದ್ದು ಓಡುವಷ್ಟು ಹೊತ್ತಿರಲಿಲ್ಲ, ಎಣ್ಣೆ ಮೆತ್ತಿದ ಮಗು ಕೈಯಿಂದ ಜಾರುತ್ತದೆ. ಅವಳು ಬಸುವಿನ ಮೇಲೆ ಬಗ್ಗಿ ಅವನನ್ನು ಹೊಟ್ಟೆಯೊಳಗೆ ಮುಚ್ಚಿಕೊಂಡು ಬಂಬಕ್ಕೆ ಬೆನ್ನು ಕೊಟ್ಟಳು. ಲಾಳಿಕೆಯಿಂದ ಚಿಮ್ಮಿದ ನೀರು ಹೆಂಚಿಗೆ ತಾಗಿ ಅವಳ ಬೆನ್ನ ಮೇಲೆ ಬಿತ್ತು.

ಅವ್ವ ಬಾಗಿಲಿಗೆ ಬಂದವಳೇ ಒದ್ದೆ ಟವೆಲ್ಲು ಕೈಗೆ ಸುತ್ತಿ ಬಂಬದ ನಲ್ಲಿ ತಿರುಗಿಸಿದಳು. ಬುಸ್ಸೆಂದು ಆವಿ ಹೊರಟು ಬಚ್ಚಲು ಬೆಳ್ಳಗಾಯಿತು. ಬಸುವನ್ನು ಎತ್ತಿ ನನ್ನ ಕಡೆ ಚಾಚಿದಳು. ಅವನ ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಸೊಂಟದ ಹಿಡಿ ಕಿತ್ತು ತಣ್ಣೀರು ಬಿಟ್ಟು, ಚೊಂಬಿನ ಮೇಲೆ ಚೊಂಬು ಅಜ್ಜಿಯ ಬೆನ್ನಿಗೆ ಸುರಿದಳು. ಅಪ್ಪ ಜಟಕಾ ತರಲು ಓಡಿದರು. ಅಜ್ಜಿ ಹಲ್ಲು ಕಚ್ಚಿ ಕೂತಿದ್ದಳು. ಅವ್ವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು.

"ತಪ್ಪಾತು ಅತ್ತೇ. ನೀವು ಹೇಳಿದ್ರಿ. ನಾನು ಕೇಳಲಿಲ್ಲ."

"ಹೇಳಿದ್ದೆ ಖರೆ. ಯಾಕೆ ಅಂತ ನಂಗೂ ಈಗ್ಲೇ ಗೊತ್ತಾತು." ಅಜ್ಜಿ ಉಸಿರು ಎಳೆದುಕೊಂಡಳು. "ನನ್ನ ಬಿಡು. ಸವಳಂಗದಾಗೂ ಇದನ್ನೇ ಮಾಡ್ಸೀಯಲ್ಲೇ? ಅಲ್ಲೂ ಇವತ್ತು ಭಾನುವಾರನೇ."

ಅವ್ವನ ಕೈಯ ಚೊಂಬು ನಿಂತಿತು.

"ನಿಮ್ಮನ್ನ ಹೆಂಗೆ ಬಿಟ್ಟು..."

"ನನ್ನ ಮಗ ಇದ್ದಾನೆ ನನ್ನ ನೋಡಾಕೆ. ಅಲ್ಲಿ ಕೂಸಿಗೆ ಯಾರಿದ್ದಾರೆ? ನಿನ್ನ ಹೆಸರಿನ ನಲ್ಲಿ ಅದು. ಹೋಗು ಅಂದ್ರೆ ಹೋಗು."

ಬೀದಿಯಲ್ಲಿ ಫೋನಿದ್ದ ಮನೆ ಒಂದಿತ್ತು. ಸವಳಂಗದಲ್ಲಿ ಫೋನಿದ್ದದ್ದು ಪೋಸ್ಟಾಫೀಸಿನಲ್ಲಿ, ಭಾನುವಾರ ಅದಕ್ಕೆ ಬೀಗ. ಬಸುವನ್ನು ಪಕ್ಕದ ಮನೆಯವರ ಕೈಗಿತ್ತು, ಅಪ್ಪ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದನ್ನು ನೋಡಿ, ಅವ್ವ ನನ್ನನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದಳು. ನನ್ನನ್ನು ಯಾಕೆ ಕರೆದೊಯ್ದಳೆಂದು ಯಾವತ್ತೂ ಹೇಳಲಿಲ್ಲ. ಒದ್ದೆ ಸೀರೆಯಲ್ಲೇ ಇದ್ದಳು. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಳು. ನಾನು ಲಾಳಿಕೆಗೆ ಸುರಿದ ಆ ಒಂದು ಚೊಂಬಿನಿಂದಲೇ ಇಷ್ಟೆಲ್ಲ ಆಯಿತೆಂದು ನನಗೆ ಅಳು. ಶಿವಮೊಗ್ಗದಲ್ಲಿ ಬಸ್ಸು ಬದಲಿಸುವಾಗ ಅವಳಿಗೆ ಅದು ಗೊತ್ತಾಗಿರಬೇಕು.

"ನೀನು ಸುರಿದಿದ್ದು ಆಟ. ನಾನು ಮಾಡ್ಸಿದ್ದು ಕೆಲಸ. ಎರಡೂ ಒಂದೇ ಅಲ್ಲ. ಕಣ್ಣು ಒರೆಸ್ಕೋ."

ಸವಳಂಗದಲ್ಲಿ ಇಳಿದಾಗ ಬಿಸಿಲು ಏರಿತ್ತು. ಅವ್ವ ಓಡಲಿಲ್ಲ, ನಡೆದಳು, ಆದರೆ ಅವಳ ಜೊತೆ ಹೆಜ್ಜೆ ಹಾಕಲು ನಾನು ಓಡಬೇಕಾಯಿತು. ಚಿಗವ್ವ ಅಂಗಳ ಗುಡಿಸುತ್ತಿದ್ದಳು. ಅವರ ಬಂಬಕ್ಕೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ಅವ್ವ ಕಟ್ಟೆಯ ಮೇಲೆ ಕುಸಿದು ಕೂತು ಅರ್ಧ ನಿಮಿಷ ಸುಧಾರಿಸಿಕೊಂಡಳು. ಆಮೇಲೆ ಆದದ್ದನ್ನು ಹೇಳಿದಳು. ಒಳಗಿಂದ ಚಿಗವ್ವನ ಅತ್ತೆ ಬಂದು ಬಾಗಿಲಲ್ಲಿ ನಿಂತರು. ತನ್ನ ತಂಗಿಯ ಅತ್ತೆಯ ಮುಂದೆ ಇಂಥ ಮಾತು ಹೇಳುವುದು ಯಾವ ಹೆಣ್ಣಿಗೂ ಸುಲಭವಲ್ಲ. ಅವ್ವ ದನಿ ತಗ್ಗಿಸಲಿಲ್ಲ.

"ನಾನು ಹೇಳಿದ್ದು ತಪ್ಪು ರತ್ನ. ನಲ್ಲಿ ತೆಗೆಸು. ಅಲ್ಲೀ ತನಕ ಮುಚ್ಚಬ್ಯಾಡ. ಇನ್ನಿಬ್ಬರ ಮನೆ ಯಾವುದು?"

"ಅಕ್ಕ, ನೀರು ಕುಡಿ. ನಾನು ಹೋಗಿ ಹೇಳ್ತೀನಿ. ನೀನ್ಯಾಕೆ ಮನೆಮನೆಗೆ ಹೋಗಿ ಅನ್ನಿಸ್ಕೊಳ್ತೀಯ?"

"ಚಲೋ ಐತೆ ಅಂತ ಹೇಳ್ದಾಗ ನನ್ನ ಹೆಸರು ಹೇಳಿದ್ರಿ. ಈಗ್ಲೂ ನನ್ನ ಹೆಸರೇ ಇರ್ಲಿ."

ಪತ್ರಿಕೆಗಳಲ್ಲಿ ತಪ್ಪು ಸುದ್ದಿ ಮೊದಲ ಪುಟದಲ್ಲಿ ಬಂದರೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವುದು ರೂಢಿ. ನಾನೂ ಹಾಗೆ ಕೆಲವು ಸಲ ಮಾಡಿದ್ದೇನೆ, ಸಮಾಧಾನದಿಂದ ಮಾಡಿದ್ದೇನೆ ಎಂದು ಹೇಳಲಾರೆ. ಎರಡನೆಯ ಮನೆಯ ಜಗಲಿಯಲ್ಲಿ ನಾಲ್ಕು ಜನ ಗಂಡಸರು ಕೂತಿದ್ದರು. ಅವ್ವ ಅಷ್ಟೂ ಜನರಿಗೆ ಕೇಳುವಂತೆ ಅದೇ ಮಾತು ಹೇಳಿದಳು. ಒಬ್ಬ ಯಜಮಾನ ಎಲೆಅಡಿಕೆ ಉಗುಳಿ ನಕ್ಕ.

"ಹೋದ ತಿಂಗಳು ಹಾಕಾಕೆ ಮೇಸ್ತ್ರಿ ಕಳ್ಸಿದ್ರಿ, ಈ ತಿಂಗಳು ಬಿಚ್ಚಾಕೆ ನೀವೇ ಬಂದ್ರಿ. ಮುಂದಿನ ತಿಂಗಳು ಬಂಬನೇ ಹೊತ್ಕೊಂಡು ಹೋಗ್ತೀರೇನವ್ವ?"

"ಹೊತ್ಕೊಂಡು ಹೋಗ್ಲಿ ಅಂದ್ರೆ ಹೋಗ್ತೀನಿ ಯಜಮಾನ್ರೇ. ಮೊದ್ಲು ಅದರ ನಲ್ಲಿ ಬಿಚ್ಚಿಡ್ರಿ. ಕುದಿ ಬಂದ್ರೆ ಲಾಳಿಕೆಯಿಂದ ನೀರು ಹೆಂಚಿನ ತನಕ ಹಾರ್ತೈತೆ."

ಆತನ ನಗು ನಿಂತಿತು. ಒಳಗೆ ಕೂಗಿ ಹೇಳಿದ. ಅವರ ಬಂಬ ಆರಿ ತಣ್ಣಗಾಗಿತ್ತು. ಸೊಸೆಯೊಬ್ಬಳು ಹೋಗಿ ನಲ್ಲಿ ತೆರೆದು ಬಂದು ತೋರಿಸಿದಳು. ಅವ್ವ ಅದನ್ನೂ ತಾನೇ ಒಳಹೋಗಿ ನೋಡಿದಳು. ಹೇಳಿದವರ ಮಾತನ್ನು ನಂಬಿ ಹಾಗೆಯೇ ಹೊರಡಲಿಲ್ಲ.

ಮೂರನೆಯ ಮನೆ ಬೀದಿಯ ಕೊನೆಯಲ್ಲಿ. ಅದರ ಬಚ್ಚಲ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿದ್ದುದು ದೂರದಿಂದಲೇ ಕಂಡಿತು. ಈಗ ಅವ್ವ ಓಡಿದಳು. ಬಾಗಿಲು ತೆರೆದದ್ದು ಅವಳದೇ ವಯಸ್ಸಿನ ಒಬ್ಬ ಹೆಂಗಸು. ಕಂಕುಳಲ್ಲಿ ಬತ್ತಲೆ ಕೂಸು, ಮೈತುಂಬ ಎಣ್ಣೆ.

"ಯಾರು ಬೇಕಾಗಿತ್ರಿ?"

"ನಾನು ರತ್ನನ ಅಕ್ಕ, ಚನ್ನಗಿರಿಯವಳು."

"ಅಯ್ಯೋ, ನಲ್ಲಿ ಅಕ್ಕಾರಾ! ಬರ್ರಿ ಒಳಗೆ. ನಿಮ್ಮಿಂದ ಭಾಳ ನಿಶ್ಚಿಂತಿ ಆತು ನೋಡ್ರಿ ನಂಗೆ..."

"ನಾನು ಹೇಳಿದ್ದು ತಪ್ಪು. ಈಗ್ಲೇ ಹೋಗಿ ನಲ್ಲಿ ಬಿಚ್ಚಬೇಕು. ಬಿಸಿನೀರು ಮ್ಯಾಲಿಂದ ಸಿಡೀತೈತೆ. ನಮ್ಮನ್ಯಾಗೆ ಬೆಳಿಗ್ಗೆ ಸಿಡೀತು."

ಆಕೆ ಅವ್ವನ ಒದ್ದೆ ಸೀರೆ, ಕೆದರಿದ ತಲೆ, ಎರಡನ್ನೂ ನೋಡಿದಳು.

"ನಿಮ್ಮ ಕೂಸು?"

"ಅದಕ್ಕೆ ಏನೂ ಆಗಿಲ್ಲ. ನಮ್ಮತ್ತಿ ಬೆನ್ನು ಸುಟ್ಟೈತೆ."

"ಅವರನ್ನ ಅಂಥಾ ಸ್ಥಿತೀಲಿ ಬಿಟ್ಟು ಇಲ್ಲೀ ತನಕ ಹೆಂಗೆ ಬಂದ್ರಿ?"

"ಅವರೇ ಕಳ್ಸಿದ್ರು."

ಆಕೆ ಕೂಸನ್ನು ನನ್ನ ತೋಳಿಗೆ ಹಾಕಿ ಬಚ್ಚಲ ಕಡೆ ಓಡಿದಳು, ಅವ್ವ ಅವಳ ಹಿಂದೆ. ಎಣ್ಣೆ ಮೈಯ ಕೂಸು ಜಾರುತ್ತಿತ್ತು. ನಾನು ಅಂಗಳಕ್ಕಿಳಿದು, ಗೋಡೆಯಿಂದ ಆದಷ್ಟು ದೂರ ಹೋಗಿ, ಅದನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ನಿಂತೆ. ಒಳಗಿಂದ ಬುಸ್ಸೆಂದು ಆವಿ ಬಿಟ್ಟ ಸದ್ದು ಕೇಳಿತು. ಆಮೇಲೆ ಇಬ್ಬರು ಹೆಂಗಸರೂ ಒಟ್ಟಿಗೇ ಕೆಮ್ಮುವುದು ಕೇಳಿತು. ಕೂಸು ನನ್ನ ಜಡೆ ಹಿಡಿದು ಎಳೆಯುತ್ತಿತ್ತು, ಎಳೆಯಲೆಂದು ಬಿಟ್ಟೆ.